ಎಂದೂ ಕುಯ್ಯದ ಚಾಕು

ಮರದ ಮೇಲಿನ ಅಟ್ಟಣೆಯಿಂದ ಇಳಿಯುವಾಗ ಏಣಿಯ ಮೆಟ್ಟಿಲು ಲಟಕ್ಕೆಂದು ಮುರಿದು, ಡೆಲ್ಬರ್ಟ್ ಬೆನ್ನ ಪಟ್ಟಿಗೆ ನೇತುಬಿದ್ದ. ಬೇಟೆಗಾರ ಮರದಿಂದ ಬಿದ್ದು ಸಾಯದಿರಲಿ ಎಂದು ಕಟ್ಟಿಕೊಳ್ಳುವ ಪಟ್ಟಿ ಅದು; ಎರಡೂ ತೊಡೆ ಸುತ್ತಿ, ಎದೆ ಬಿಗಿದು, ಬೆನ್ನ ಹಿಂದಿನಿಂದ ಮರಕ್ಕೆ ಹೋಗುತ್ತದೆ. ಪ್ರಾಣವನ್ನೇನೋ ಉಳಿಸಿತು, ಆದರೆ ಈಗ ಬಿಡಲೊಲ್ಲದು. ನೆಲ ಒಂದಾಳು ಕೆಳಗಿತ್ತು, ಏಣಿ ಕೈಗೆ ಎಟುಕುತ್ತಿರಲಿಲ್ಲ. ಹಾಗೆ ಹೆಚ್ಚು ಹೊತ್ತು ನೇತಾಡಿದರೆ ರಕ್ತ ಕಾಲಲ್ಲೇ ನಿಂತು ಎಚ್ಚರ ತಪ್ಪುತ್ತದೆ, ಆಮೇಲೆ ಏಳುವ ಮಾತಿಲ್ಲ. ಪೆನ್ಸಿಲ್ವೇನಿಯಾದ ನಮ್ಮ ಬೆಟ್ಟಗಳಲ್ಲಿ ಜಿಂಕೆ ಬೇಟೆಗೆ ಹೋಗುವವರಿಗೆಲ್ಲ ಇದು ಗೊತ್ತು. ಡೆಲ್ಬರ್ಟನ ಪಾದ ಆಗಲೇ ಜೋಮು ಹಿಡಿದಿತ್ತು.

ಕೆಳಗೆ ಹೆಂಡತಿ ಯುನೀಸ್. ಟ್ರಕ್ಕಿನಲ್ಲಿ ಕೂತು ಹೆಣೆಯುತ್ತಿದ್ದವಳು ಅವನಿಗೆ ಬಿಸಿ ಸೂಪು ತಂದಿದ್ದಳು. ಸೊಂಟನೋವಿನವಳು, ಹತ್ತಿ ಹೋಗುವಂತಿಲ್ಲ.

"ಚಾಕು ತೆಗ್ದು ಪಟ್ಟಿ ಕುಯ್ಕೊಳೋ! ಕೆಳಗೆ ಬರೀ ಎಲೆ, ಬಿದ್ರೆ ಏನಾಗಲ್ಲ."

"ಚಾಕು ಟ್ರಕ್ಕಲ್ಲಿದೆ."

"ಬೇಟೆಗೆ ಬರೋನು ಚಾಕು ಬಿಟ್ ಬರ್ತಾನಾ? ಪ್ಯಾಂಟಾದ್ರೂ ಹಾಕ್ಕೊಂಡಿದೀಯ ತಾನೆ?"

ಚಾಕು ಒಂದಿತ್ತು, ಒಳಜೇಬಿನಲ್ಲಿ. ಅದು ಯುನೀಸಳದು. ಎರಡು ಅಲಗಿನ ಮಡಚು ಚಾಕು, ಕೊಂಬಿನಂತೆ ಕಾಣಲೆಂದು ಗೀರಿದ ಮೂಳೆಯ ಹಿಡಿ. ಅವಳಜ್ಜ ಆಗಸ್ಟ್ ಊರಿನ ಚಾಕು ಕಾರ್ಖಾನೆಯಲ್ಲಿ ತನ್ನ ಕೈಯಾರೆ ಜೋಡಿಸಿ, ಮೇಣದ ಕಾಗದದಲ್ಲಿ ಸುತ್ತಿ ಮನೆಗೆ ತಂದದ್ದು. ಕಾರ್ಖಾನೆ ಬೇಗನೆ ಮುಚ್ಚಿತು. ಎರಡರಲ್ಲಿ ಒಂದು ಅಲಗಿನ ಬುಡದಲ್ಲಿ ಕೆತ್ತಿರುವ ಕಾರ್ಖಾನೆಯ ಹೆಸರಿನ ಅಕ್ಷರಮುದ್ರೆ ಕೆಲವೇ ವರ್ಷ ನಡೆದದ್ದು. ಬೇಟೆಯ ಚಾಕುವನ್ನು ಜನ ಕೊಳ್ಳುತ್ತಿದ್ದದ್ದು ಚರ್ಮ ಸುಲಿಯಲು. ಮಸೆದು ಮಸೆದು ಅಲಗನ್ನೇ ಸವೆಸಿಬಿಡುತ್ತಿದ್ದರು. ಹಾಗಾಗಿ ಸಾಣೆ ಕಾಣದ ಒಂದು ಸಿಕ್ಕರೆ ಸಂಗ್ರಹ ಮಾಡುವವರಿಗೆ ಹುಚ್ಚು. ಟೆನೆಸಿಯಿಂದ ಒಬ್ಬ ಬಂದು ತನ್ನ ಪಿಕಪ್ ಗಾಡಿಯನ್ನೇ ಕೊಡುತ್ತೇನೆಂದ. ಯುನೀಸ್ ಅವನಿಗೆ ಕಾಫಿ ಕೊಟ್ಟು ಕಳಿಸಿದಳು. ವರ್ಷಕ್ಕೊಮ್ಮೆ ಗಾಜಿನ ಪೆಟ್ಟಿಗೆಯಿಂದ ತೆಗೆದು ಒಂದು ಹನಿ ಎಣ್ಣೆ ಬಿಟ್ಟು, ಸ್ಪ್ರಿಂಗಿನ ಠಕ್ ಸದ್ದು ಕೇಳಿ ಮತ್ತೆ ಒಳಗಿಡುತ್ತಿದ್ದಳು.

ಅಂಥ ಚಾಕು ಇರುವುದೇ ಸುಳ್ಳೆಂದು ಗೆಳೆಯ ಹಾರ್ಲನ್ ಹಂಗಿಸಿದ್ದ. ಸಂಜೆ ಬೇಟೆ ಗುಡಿಸಲಲ್ಲಿ ತೋರಿಸಲೆಂದು ಡೆಲ್ಬರ್ಟ್ ಹೆಂಡತಿಗೆ ಹೇಳದೆ ಎತ್ತಿಕೊಂಡು ಬಂದಿದ್ದ. ಒಂದಕ್ಕೊಂದು ತಾಗಿ ಅದಕ್ಕೆ ಗೀರು ಬಿದ್ದೀತೆಂದು ತನ್ನ ಕೆಲಸದ ಚಾಕುವನ್ನು ಟ್ರಕ್ಕಿನಲ್ಲೇ ಬಿಟ್ಟಿದ್ದ.

"ನಾನೇ ಹೋಗಿ ತರ್ತೀನಿ," ಎಂದಳು ಯುನೀಸ್.

ಟ್ರಕ್ಕು ದಿಬ್ಬದ ಆಚೆ. ಆ ಸೊಂಟ ಹೊತ್ತು ಹೋಗಿ ಬರುವಷ್ಟರಲ್ಲಿ ಇಲ್ಲಿ ಏನು ಉಳಿದಿರುತ್ತದೆ? ಮೊಣಕಾಲ ಕೆಳಗೆ ಆಗಲೇ ತನ್ನದೆನ್ನುವುದು ಏನೂ ಇರಲಿಲ್ಲ.

"ಬೇಡ, ತಡಿ."

"ತಡ್ದು ಏನ್ಮಾಡ್ಲಿ? ತೊಟ್ಟಿಲ ಮಗು ಥರ ತೂಗ್ತಿದೀಯ, ಜೋಗುಳ ಹಾಡ್ಲಾ?"

"ಸುಮ್ನೆ ಮಾತಾಡ್ತಿರು."

"ಇಷ್ಟು ವರ್ಷ ಬಾಯ್ಮುಚ್ಚು ಅಂದೋನು ಈಗ ಮಾತಾಡು ಅಂತೀಯ!"

ಅವಳು ತಿರುಗಿ ಕುಂಟುತ್ತ ಹೊರಟಳು. ಡೆಲ್ಬರ್ಟನ ಕಣ್ಣಂಚು ಕಪ್ಪಾಗತೊಡಗಿತು. ಕೂಗಿ ಹೇಳಿಬಿಡಲೇ ಎಂದುಕೊಂಡ. ಜಾಕೆಟ್ಟಿನೊಳಗೆ ಕೈ ತೂರಿಸಿ, ಸದ್ದಾಗದಂತೆ ಎದೆಗೊತ್ತಿಕೊಂಡು ಅಲಗಿನ ಗೀರಿಗೆ ಉಗುರು ಹಾಕಿ ಎಳೆದ.

ಠಕ್.

ಯುನೀಸ್ ನಿಂತಳು. ತಿರುಗಲಿಲ್ಲ.

"ಡೆಲ್ಬರ್ಟ್."

"ಹ್ಞೂಂ."

"ಅದು ನಂದು."

"ಹ್ಞೂಂ. ಹಾರ್ಲನ್‌ಗೆ ತೋರ್ಸೋಣ ಅಂತ..."

"ಯಾವ ಅಲಗು ತೆಗ್ದೆ?"

"ಅಕ್ಷರ ಕೆತ್ತಿರೋದು."

"ಅದನ್ನ ಮಡಚು. ಇನ್ನೊಂದು ತೆಗಿ."

"ನಾನ್ ಸಾಯ್ತಿದೀನಿ ಕಣೇ!"

"ಅದಕ್ಕೇ ಬೇಗ ತೆಗಿ!"

ತೆಗೆದ. ತಲೆಯ ಮೇಲಿನ ಪಟ್ಟಿಯನ್ನು ತಡಕಿ ಗರಗಸದಂತೆ ಎಳೆದ. ಎಲೆಗಳ ಮೇಲೆ ಮೂಟೆಯಂತೆ ಬಿದ್ದ, ಚಾಕು ಆಚೆ ಸಿಡಿಯಿತು. ತೊಡೆಯ ಪಟ್ಟಿಗಳು ಮಾತ್ರ ಹಾಗೇ ಕಚ್ಚಿಕೊಂಡಿದ್ದವು. ಅವುಗಳ ಕೊಂಡಿ ಬಿಚ್ಚಲು ಬೆರಳು ಬಾಗಲೊಲ್ಲವು.

ಯುನೀಸ್ ಬಂದು, ನರಳುತ್ತ ಮಂಡಿಯೂರಿ, ಮೊದಲು ಚಾಕುವನ್ನೇ ಎತ್ತಿಕೊಂಡಳು. ಒರೆಸಿ ಜೇಬಿಗಿಳಿಸುತ್ತಾಳೆಂದು ಡೆಲ್ಬರ್ಟ್ ಕಣ್ಣು ಮುಚ್ಚಿದ. ಕೇಳಿಸಿದ್ದು ಠಕ್ ಸದ್ದು. ಅವಳು ಅಕ್ಷರದ ಅಲಗನ್ನು ತೆರೆದು ತೊಡೆಯ ಪಟ್ಟಿಯಡಿ ತೂರಿಸಿದಳು. ಒಂದೇ ಎಳೆತ. ಆ ಕಡೆಯ ತೊಡೆಗೂ ಒಂದು. ಜೋಮು ಹಿಡಿದ ಕಾಲಲ್ಲಿ ರಕ್ತ ಮತ್ತೆ ಹರಿದು, ನೋವಿಗೆ ಡೆಲ್ಬರ್ಟ್ ಅರಚಿದ.

"ಅರಚು, ಒಳ್ಳೇದು," ಎಂದಳು. ಅಲಗಿಗೆ ಅಂಟಿದ ಪಟ್ಟಿಯ ಎಳೆಯನ್ನು ಹೆಬ್ಬೆರಳಿಂದ ತೆಗೆದು ಅಲಗನ್ನು ಬೆಳಕಿಗೆ ಹಿಡಿದಳು.

"ಎಂಥಾ ಹರಿತ ಇಟ್ಟಿದ್ದ ನೋಡು ಅಜ್ಜ. ನಂಗೆ ಗೊತ್ತೇ ಇರ್ಲಿಲ್ಲ."