ಆಮೆನ್ ಎನ್ನುವವರೆಗೆ

ಹಸಿರು, ಹೌದು, ಜ್ವಾಲೆಯ ತುದಿಗೆ ಹಸಿರು ಹತ್ತಿದೆ, ಅಂದರೆ ತಾಮ್ರ ಪೂರ್ತಿ ಕರಗಿತು, ಇನ್ನು ತವರ ಹಾಕುವುದೊಂದೇ, ತವರ ಬಿದ್ದೊಡನೆ ಬಾಯಿ ತೆರೆಯಬೇಕಾದವಳು ಅವಳು — ಎದೆ ಡವಡವ ಹೊಡೆದುಕೊಳ್ಳುತ್ತಿದೆ, ಎಷ್ಟು ಕಾಲವಾಯಿತು ಅದು ಹೀಗೆ ಹೊಡೆದುಕೊಂಡು, ಅದು ಅಲ್ಲಿದೆ ಎನ್ನುವುದನ್ನೇ ಅವಳು ಮರೆತಿದ್ದಳು, ಗಂಡನನ್ನು ಮಣ್ಣು ಮಾಡಿದ ದಿನವೂ ಸುಮ್ಮನಿತ್ತು, ಹೊಸ ಗಂಟೆ ತಲುಪಿಸಿ ವಾಪಸು ಬರುತ್ತಿದ್ದವನಿಗೆ ಮಂಜಿನಲ್ಲಿ ಎದುರಿನ ಲಾರಿ ಕಾಣಲಿಲ್ಲ ಎಂದು ಬಂದವರು ಹೇಳಿದಾಗಲೂ, ಹೌದಾ, ಕೂತ್ಕೊಳ್ಳಿ, ನೀರು ಕೊಡ್ಲಾ, ಎಂದಿದ್ದಳು, ಕೊಟ್ಟೂ ಇದ್ದಳು. ಈಗ ಅಂಗೈ ಬೆವರುತ್ತಿದೆ, ಪರೀಕ್ಷೆಯ ಬೆಳಿಗ್ಗೆಗಳಲ್ಲಿ ಹೀಗೇ ಆಗುತ್ತಿತ್ತು, ಆದರೆ ಪರೀಕ್ಷೆಯಲ್ಲಿ ಉತ್ತರ ಗೊತ್ತಿರದಿದ್ದರೆ ಖಾಲಿ ಬಿಟ್ಟು ಮುಂದೆ ಹೋಗಬಹುದಿತ್ತು, ಇಲ್ಲಿ ಪ್ರಾರ್ಥನೆಯ ಒಂದು ಸಾಲು ಬಿಟ್ಟರೂ ಗಂಟೆ ಕೆಟ್ಟಿತು. ಗಂಟೆ ಎರಕ ಹೊಯ್ಯುವ ಈ ಮನೆಯಲ್ಲಿ ಅಳತೆಯೇ ಹಾಗೆ, ತವರ ಬಿದ್ದೊಡನೆ ಬೆಳಗಿನ ಪ್ರಾರ್ಥನೆ ಶುರು, ಮಾವನ ಅಜ್ಜ ಕಟ್ಟಿದ್ದು, ನಿಧಾನಕ್ಕೆ ಹೇಳುವಂಥದ್ದು, ಅದು ಮುಗಿಯುವಷ್ಟರಲ್ಲಿ ತವರ ತಾಮ್ರದೊಳಗೆ ಬೆರೆತಿರುತ್ತದೆ, ಆಮೆನ್ ಎಂದೊಡನೆ ಕುಲುಮೆಯವನು ಸಲಾಕೆಯಿಂದ ಕುಲುಮೆಯ ಬಾಯಿಯ ಬಿರಡೆ ಹೊಡೆದು ಲೋಹವನ್ನು ಅಚ್ಚಿಗೆ ಬಿಡುತ್ತಾನೆ, ಬೇಗ ಹೊಡೆದರೆ ತವರ ಬೆರೆತಿರುವುದಿಲ್ಲ, ತಡವಾದರೆ ಸುಟ್ಟುಹೋಗಿರುತ್ತದೆ, ಮದುವೆಯಾದ ಹೊಸತರಲ್ಲಿ ಇದನ್ನು ಕೇಳಿ ಅವಳು ನಕ್ಕಿದ್ದಳು, ಒಂದು ಗಡಿಯಾರ ಇಟ್ಕೋಬಾರ್ದಾ ನೀವು — ಗಡಿಯಾರ ದೇವ್ರ ಹತ್ರ ಏನ್ ಕೇಳುತ್ತೆ ಹೇಳು, ಎಂದಿದ್ದ ಗಂಡ, ಹೇಳಿ ಗುಂಡಿಯ ಪಕ್ಕ ಮಂಡಿಯೂರಿದ್ದ. ಗುಂಡಿಯಲ್ಲಿ ಅಚ್ಚು ಹೂತಿರುತ್ತದೆ, ಮೇಲೆ ತುಳಿದು ಗಟ್ಟಿ ಮಾಡಿದ ಕಪ್ಪು ಮಣ್ಣು, ಮಣ್ಣಿನಲ್ಲಿ ಬೆರಳು ತೂರುವಷ್ಟು ಎರಡು ಗಾಳಿಕಿಂಡಿ, ಒಳಗೆ ಲೋಹ ತುಂಬಿ ಮೇಲೇರಿದಾಗ ಎರಡರಲ್ಲೂ ಒಂದೊಂದು ಕೆಂಪು ಚುಕ್ಕೆ, ಅದನ್ನು ಮೊದಲು ಕಾಣುವವನು ಅವನೇ, ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿ, ಬಂತು, ಎನ್ನುತ್ತಿದ್ದ, ಅಷ್ಟೇ, ಒಂದೇ ಮಾತು, ಮಗು ಹುಟ್ಟಿದ ಸುದ್ದಿಯಂತೆ.

ಗಡಿಯಾರವನ್ನೂ ನೋಡಿದ್ದಾಯಿತಲ್ಲ. ಅವನು ಹೋದ ಮೇಲಿನ ಮೊದಲ ಎರಕ, ಗುಡ್ಡದ ಶಾಲೆಯ ಗಂಟೆಗೆ, ಗಂಟಲಿನ ಶಸ್ತ್ರಚಿಕಿತ್ಸೆಯಲ್ಲಿ ಮಾವನ ಸ್ವರ ಎಂದೋ ಹೋಗಿತ್ತು, ಪ್ರಾರ್ಥನೆ ಹೇಳುವವರಿಲ್ಲ, ನಾನು ಸಮಯ ನೋಡ್ತೀನಿ ಎಂದು ಅವಳೇ ಗಡಿಯಾರ ಹಿಡಿದು ನಿಂತಿದ್ದಳು, ಮುಳ್ಳು ಇನ್ನೂ ಅರ್ಧ ದಾರಿಯಲ್ಲಿತ್ತು, ಮೂಲೆಯಲ್ಲಿ ಅತ್ತೆ ತಮ್ಮಷ್ಟಕ್ಕೆ ಮಗನಿಗಾಗಿ ಪ್ರಾರ್ಥಿಸುತ್ತಿದ್ದವರು ಬಿಕ್ಕುತ್ತ ಜೋರಾಗಿ ಆಮೆನ್ ಎಂದುಬಿಟ್ಟರು — ಕುಲುಮೆಯವನ ಕೈ, ಹುಡುಗನಾಗಿದ್ದಾಗಿನಿಂದ ಆ ಒಂದು ಮಾತಿಗೇ ಏಳುತ್ತಿದ್ದ ಕೈ, ಎದ್ದಿತು, ಹೊಡೆಯಿತು. ಯಾರೂ ಯಾರನ್ನೂ ಬೈಯಲಿಲ್ಲ. ಒಂದು ಕಿಂಡಿಯಲ್ಲಿ ಮಾತ್ರ ಚುಕ್ಕೆ ಬಂತು, ಇನ್ನೊಂದು ಕಪ್ಪಾಗಿಯೇ ಉಳಿಯಿತು, ಅಗೆದು ತೆಗೆದ ಗಂಟೆ ತಗಡಿನ ಡಬ್ಬಿಯಂತೆ ಸದ್ದು ಮಾಡಿತು, ಇದನ್ನ ಬಾರ್ಸಿದ್ರೆ ಮಕ್ಳು ಶಾಲೆಗೆ ಬರೋದಿರ್ಲಿ ಮೇಷ್ಟ್ರುಗಳೇ ಓಡಿಹೋಗ್ತಾರೆ ಎಂದ ಕುಲುಮೆಯವನು, ನಗಿಸಲಿಕ್ಕೆಂದೇ, ಅತ್ತೆ ನಗಲಿಲ್ಲ, ಅಂದಿನಿಂದ ಅಂಗಳದಲ್ಲಿ ಅವರು ಬಾಯಿಯನ್ನೇ ತೆರೆದಿಲ್ಲ, ಈಗಲೂ ನೋಡು, ಕೈವಸ್ತ್ರವನ್ನು ತುಟಿಗೊತ್ತಿ ನಿಂತಿದ್ದಾರೆ. ಗುಡ್ಡದ ಶಾಲೆಯವರು ಇನ್ನೊಂದು ಸಲ ನೋಡೋಣ ಎಂದಿದ್ದಾರೆ, ಅದು ಇವತ್ತು, ಇದೂ ಕೆಟ್ಟರೆ ಕುಲುಮೆ ಆರುತ್ತದೆ, ಮಾವ ಕೈಬೀಸಿ ಹೇಳಿಬಿಟ್ಟಿದ್ದಾರೆ, ಸಾಕು ಎಂದು. ಅಣ್ಣ ಫೋನಿನಲ್ಲಿ, ಬಂದ್ಬಿಡಮ್ಮ, ನಿನ್ ಓದಿಗೆ ಎಲ್ಲಾದ್ರೂ ಕೆಲ್ಸ ಸಿಗುತ್ತೆ, ಆ ಹೊಗೇಲಿ ಏನಿದೆ ನಿಂಗೆ — ಏನಿದೆ, ಅವಳಿಗೂ ಗೊತ್ತಿರಲಿಲ್ಲ, ಇವತ್ತು ಬೆಳಿಗ್ಗೆ ಹಸಿರು ಕಾಣುವವರೆಗೂ ಗೊತ್ತಿರಲಿಲ್ಲ, ಇದು ಬೇಕು, ಈ ಅಂಗಳ, ಈ ಮಸಿ, ಈ ಮೂವರು, ಬೇಕು, ಛೇ, ಎಷ್ಟು ಹೊತ್ತಿಗೆ ಗೊತ್ತಾಯಿತು.

ಪ್ರಾರ್ಥನೆ ಯಾರು ಹೇಳೋದು ಎಂದು ನಿನ್ನೆ ಕೇಳಿದಾಗ ಕುಲುಮೆಯವನು, ನನ್ ಬಾಯಲ್ಲಿ ಬೈಗುಳ ಬಿಟ್ರೆ ಬೇರೆ ಹೊರಡಲ್ಲ, ದೇವ್ರೇ ಎದ್ದು ಹೋದಾನು, ಎಂದ, ಮಾವ ಬೆರಳೆತ್ತಿ ಅವಳನ್ನು ತೋರಿಸಿದರು. ಗಂಡ ಹೋದಂದಿನಿಂದ ಅವಳು ಪ್ರಾರ್ಥಿಸಿಲ್ಲ, ದಿನಾ ಬೆಳಿಗ್ಗೆ ಊಟದ ಮೇಜಿನ ಸುತ್ತ ಎಲ್ಲರೂ ತಲೆ ಬಾಗಿಸುವಾಗ ಕಿಟಕಿಯ ಚಿಲಕವನ್ನು ನೋಡುತ್ತ ಕೂತಿದ್ದಾಳೆ, ಬೇರೆ ಸಾಲುಗಳೇನೋ ಹೊರಟಾವು, ಆ ಕೊನೆಯದೊಂದು, ನೀನು ಕೊಟ್ಟದ್ದೂ ಸರಿ, ಇಟ್ಟುಕೊಂಡದ್ದೂ ಸರಿ — ಇಲ್ಲ, ಸರಿಯಲ್ಲ, ಸರಿ ಎಂದು ಹೇಗೆ ಹೇಳಲಿ, ಬಿಡುವ ಹಾಗೂ ಇಲ್ಲ, ಬಿಟ್ಟರೆ ಅಳತೆ ತಪ್ಪಿತು, ಹಾಕ್ಲಾ? ಕುಲುಮೆಯವನು ಕೇಳುತ್ತಿದ್ದಾನೆ, ಹಾಕ್ಲಾಮ್ಮ? ಹಾಕು ಎಂದವಳು ಅವಳೇ, ತವರದ ಗಟ್ಟಿಗಳು ಒಂದೊಂದಾಗಿ ಇಳಿದವು, ಬಿಳಿ ಹೊಗೆ, ಹಸಿ ಮರದ ಕೋಲು ಕದಡಿದ ಕಡೆಯೆಲ್ಲ ಕೊತಕೊತ, ಈಗ, ಈಗಲೇ —

ಇರುಳನ್ನು ದಾಟಿಸಿದ ಕರ್ತನೇ, ಈ ಬೆಳಕಿಗೆ ಸ್ತೋತ್ರ. ಇದು ಯಾರ ಸ್ವರ, ಇಷ್ಟು ಒರಟು, ತನ್ನದೇ, ನಿಧಾನ, ಅವನು ಹೇಳುತ್ತಿದ್ದಷ್ಟು ನಿಧಾನ, ನಾಳೆ ಹೇಗೋ ನಮಗೆ ತಿಳಿಯದು, ಇವತ್ತಿಗೆ ಒಂದು ಹೆಜ್ಜೆಯಷ್ಟು ದಾರಿ ತೋರಿಸು, ಉಸಿರು ತಗೋ, ಇಲ್ಲಿ ಅವನು ಉಸಿರು ತೆಗೆದುಕೊಳ್ಳುತ್ತಿದ್ದ, ಕೈಗಳನ್ನು ಬೆಂಕಿಯಿಂದ ಕಾಯಿ, ಬೆಂಕಿಯನ್ನು ನೀರಿನಿಂದ ಕಾಯಿ, ಮುಖಕ್ಕೆ ಝಳ, ಕಣ್ಣಲ್ಲಿ ನೀರು, ಅದು ಝಳಕ್ಕೇ, ದಾರಿಯಲ್ಲಿರುವವರನ್ನು ಮನೆ ಸೇರಿಸು, ಹೇಳಿಬಿಟ್ಟಳು, ಇದನ್ನೂ ಹೇಳಿಬಿಟ್ಟಳು, ಸಲಾಕೆ ಮೇಲೆದ್ದಿದೆ, ಕುಲುಮೆಯವನು ಬಿರಡೆಯನ್ನು ನೋಡುತ್ತಿಲ್ಲ, ಅವಳ ಬಾಯನ್ನು ನೋಡುತ್ತಿದ್ದಾನೆ, ಕೊನೆಯ ಸಾಲು, ನೀನು ಕೊಟ್ಟದ್ದೂ ಸರಿ — ಅರ್ಧ ಬಂತು, ನಿಂತಿತು, ಮುಂದಿಲ್ಲ, ಆಚೆ ಮಾವನ ತುಟಿ ಆಡುತ್ತಿದೆ, ಸ್ವರವಿಲ್ಲದ ತುಟಿ, ಮಗನನ್ನು ಕಳಕೊಂಡವರು, ಅವರು ಅಜ್ಜನ ಸಾಲನ್ನು ಪೂರ್ತಿ ಹೇಳುತ್ತಿದ್ದಾರೆ, ತವರ ಕಾಯುವುದಿಲ್ಲ, ಹೇಳು, ಏನಾದರೂ ಹೇಳು, ನಿಜವಾದದ್ದನ್ನು ಹೇಳು — ಇಟ್ಟುಕೊಂಡದ್ದನ್ನು ಚೆನ್ನಾಗಿ ನೋಡಿಕೋ.

ಅತ್ತೆ ಕೈವಸ್ತ್ರ ತೆಗೆದರು, ಅವಳನ್ನು ನೋಡಿದರು, ತುಟಿ ಬಿರಿಯಿತು, ಆದರೆ ತಡೆದುಕೊಂಡರು, ಅದು ಸೊಸೆಯ ಮಾತು, ಅವಳೇ ಹೇಳಲಿ.

ಆಮೆನ್.

ಠಣ್ ಎಂದು ಸಲಾಕೆ, ಬಿಳಿಗೆಂಪು ಧಾರೆ ಕಾಲುವೆಯಲ್ಲಿ ಓಡಿತು, ಹೋಯ್, ಹಿಂದೆ ಸರೀರಿ, ಯಾರು ಸರಿದರು ಯಾರು ಇಲ್ಲ, ಅವಳು ಮಾತ್ರ ಮುಂದೆ, ಗುಂಡಿಯ ಪಕ್ಕ, ಮಂಡಿಯೂರಿದ್ದು ಯಾವಾಗ, ಕೆನ್ನೆಗೆ ಬಿಸಿ ಮಣ್ಣು, ಒಂದು ಕಿಂಡಿಯಲ್ಲಿ ಕೆಂಪು, ಒಂದು ಬಂತು, ಅದು ಹೋದ ಸಲವೂ ಬಂದಿತ್ತು, ಇನ್ನೊಂದು ಕಪ್ಪು, ಇನ್ನೂ ಕಪ್ಪು, ಹಿಂದೆ ಯಾರೋ ಉಸಿರು ಬಿಗಿಹಿಡಿದಿದ್ದಾರೆ, ಅಣ್ಣನಿಗೆ ಏನು ಹೇಳುವುದು, ಶಾಲೆ, ಡಬ್ಬಿಯ ಸದ್ದು, ಮಂಜು, ಅವನು ಇಲ್ಲೇ ಹೀಗೇ ಬಗ್ಗುತ್ತಿದ್ದ, ಇದೇ ಮಣ್ಣು, ಕಪ್ಪು, ಕಪ್ಪು, ಮತ್ತೆ — ತಳದಲ್ಲಿ ಏನೋ ಮಿಸುಕಿತು, ಏರುತ್ತಿದೆ, ಏರುತ್ತಿದೆ —

ಬಂತು, ಎಂದಳು.

ಕಪ್ಪು ಮಣ್ಣಿನಲ್ಲಿ ಎರಡನೆಯ ಕೆಂಪು ಚುಕ್ಕೆ.