ತಾತನ ಗೂಡಿನಲ್ಲಿ ಒಣಗಿದ ಶೂ

ನರ್ಸಿಂಗ್ ಓದಲು ಪರದೇಶಕ್ಕೆ ಬಂದವಳಿಗೆ, ತಾನಿಳಿದುಕೊಂಡ ಮನೆಯಲ್ಲಿ ಎಷ್ಟು ಜನರೆಂಬುದೇ ಮೊದಮೊದಲು ತಿಳಿಯಲಿಲ್ಲ. ಬಚ್ಚಲ ಮುಂದೆ ಸಾಲು, ಒಲೆಯ ಮುಂದೆ ಸಾಲು, ಕನ್ನಡಿಯ ಮುಂದೆ ಜಗಳ. ಯಜಮಾನಿ, ಅವಳ ಗಂಡುಮಕ್ಕಳು, ಸೊಸೆಯಂದಿರು, ಎಣಿಸುವಷ್ಟರಲ್ಲಿ ಜಾಗ ಬದಲಿಸುವ ಮೊಮ್ಮಕ್ಕಳು. ಇವರೆಲ್ಲರ ಮೇಲೆ ಯಜಮಾನಿಯ ಮಾವ, ಒಂದು ಕಾಲಕ್ಕೆ ಬಸ್ಸು ಓಡಿಸುತ್ತಿದ್ದ, ಈಗ ಕಿವಿ ಮಂದವಾದ ತಾತ.

"ಇಲ್ಲಿ ನೀನು ನೆಂಟಳಲ್ಲ ಕಣಮ್ಮ, ಮನೆ ಮಗಳು" ಎಂದಿದ್ದಳು ಯಜಮಾನಿ. ಮೊಮ್ಮಕ್ಕಳು 'ಡಾಕ್ಟ್ರಮ್ಮ' ಎಂದು ಹೆಸರಿಟ್ಟರು. ಬಡಗಿಯಾಗಿದ್ದ ಹಿರಿಯ ಮಗ ಬಾಗಿಲ ಪಕ್ಕದ ಶೂ ಕಪಾಟಿಗೆ ಅವಳದೊಂದು ಗೂಡು ಸೇರಿಸಿದ.

"ನಾನು ಮದ್ವೆಯಾಗಿ ಬಂದು ಎಷ್ಟು ದಿನ ಚಪ್ಪಲೀನ ಮೂಲೇಲಿ ಬಿಟ್ಟಿದ್ದೆ ಗೊತ್ತಾ ಅಕ್ಕ? ನಿಮ್ಗೆ ಬಂದ ತಕ್ಷಣ ಗೂಡು! ಮುಂದಿನ ಜನ್ಮದಲ್ಲಿ ನಾನೂ ಓದೋಕೇ ಬರ್ತೀನಿ ಬಿಡಿ" ಎಂದು ಕಿರಿಸೊಸೆ ನಕ್ಕಿದ್ದಳು.

ಆ ಮನೆಯಲ್ಲಿ ಗೂಡಿಗೆ ಬೆಲೆಯಿತ್ತು. ಟಿ.ವಿ., ಮಿಕ್ಸಿ, ಮಕ್ಕಳ ಗಲಾಟೆಯ ನಡುವೆ ಯಾರು ಬಂದರು, ಯಾರು ಬರಲಿಲ್ಲ ಎಂದು ಕೂಗಿ ಕೇಳಿದರೆ ಯಾರಿಗೂ ಕೇಳಿಸುತ್ತಿರಲಿಲ್ಲ. ಹೊರಗೆ ಹೋದವರ ಗೂಡು ಖಾಲಿ, ಬಂದವರ ಗೂಡು ಭರ್ತಿ. ಎಲ್ಲ ಗೂಡೂ ತುಂಬಿದ್ದನ್ನು ಕಂಡವರು ಬಾಗಿಲಿಗೆ ಚಿಲಕ ಹಾಕಬೇಕು. ಯಾರ ಶೂ ಎಂದು ಯಾರೂ ಬಗ್ಗಿ ನೋಡುತ್ತಿರಲಿಲ್ಲ.

ತಾತನ ಗೂಡು ಬಿಸಿನೀರಿನ ಕೊಳವೆಗೆ ಅಂಟಿಕೊಂಡಿತ್ತು. ಅಂದು ಸಂಜೆ ಡಾಕ್ಟ್ರಮ್ಮ ಆಸ್ಪತ್ರೆಯ ತರಬೇತಿ ಮುಗಿಸಿ ಬಂದು, ಮೆಟ್ಟಿಕೊಂಡು ಬಂದ ಚಪ್ಪಲಿಯನ್ನು ತನ್ನ ಗೂಡಿನಲ್ಲಿಟ್ಟು, ಚೀಲದಲ್ಲಿ ತಂದಿದ್ದ, ರಕ್ತ ಸಿಡಿದ ಬಿಳಿ ಶೂಗಳನ್ನು ತೊಳೆದಳು. ಬೆಳಿಗ್ಗೆಗೆ ಅವೇ ಬೇಕು. ತಾತ ತಿರುಗಾಡಲು ಹೋಗಿದ್ದ. ಬರುವಷ್ಟರಲ್ಲಿ ತೆಗೆದರಾಯಿತು ಎಂದು ಅವನ ಗೂಡಿನಲ್ಲಿ ಒಣಗಲಿಟ್ಟಳು. ಕೋಣೆಗೆ ಹೋಗಿ ಪುಸ್ತಕ ಬಿಚ್ಚಿದವಳು ಅದರ ಮೇಲೆಯೇ ತಲೆಯಿಟ್ಟು ನಿದ್ದೆ ಹೋದಳು.

ಕಿರಿಸೊಸೆ ತುಂಬಿದ ಕಪಾಟು ನೋಡಿ ಚಿಲಕ ಹಾಕಿದಳು. ತಾತ ರಾತ್ರಿಯೂಟ ಬಿಟ್ಟು ವರ್ಷಗಳಾಗಿದ್ದವು; ಬಂದವನೇ ಮಲಗಿಬಿಡುವ ರೂಢಿ. ಹಾಗಾಗಿ ಯಾರೂ ಹುಡುಕಲಿಲ್ಲ. ಹೊರಗೆ ಮೂಳೆ ಕೊರೆಯುವ ಚಳಿ. ಬಾಗಿಲು ತಟ್ಟಿದನೋ ಏನೋ, ಒಳಗೆ ಟಿ.ವಿ. ಕಿರುಚುತ್ತಿತ್ತು.

ಬೆಳಿಗ್ಗೆ ಬಡಗಿ ಬಾಗಿಲು ತೆರೆದಾಗ ತಾತ ಗೋಡೆಗೊರಗಿ ಕೂತಿದ್ದ. ಮೈ ಮರದ ಹಲಗೆಯಂತೆ ಸೆಟೆದಿತ್ತು. ಅಳು, ಓಡಾಟ. ಆ ಗದ್ದಲದಲ್ಲಿ ಡಾಕ್ಟ್ರಮ್ಮ ಬಿಳಿ ಶೂ ಎತ್ತಿಕೊಂಡು ಕೋಣೆ ಸೇರಿದಳು.

ತಾತನನ್ನು ಮಣ್ಣು ಮಾಡಿ ಬಂದು ಊಟಕ್ಕೆ ಕೂತಾಗ ಮಾತೆಲ್ಲ ಕಿರಿಸೊಸೆಯ ಮೇಲೆ ತಿರುಗಿತು.

"ಕಣ್ಣೇನು ಹಣೆಯಲ್ಲಿತ್ತಾ, ಬೆನ್ನಲ್ಲಿತ್ತಾ?" ಎಂದಳು ಹಿರಿಸೊಸೆ.

"ಗೂಡು ತುಂಬಿತ್ತು ಅಕ್ಕಾ, ದೇವರಾಣೆ."

"ಹೂಂ, ತಾತನ ಶೂ ತಾವೇ ನಡ್ಕೊಂಡು ಬಂದು ಕೂತಿದ್ವೇನೋ!"

ಕಿರಿಸೊಸೆಯ ಗಂಡ ಅನ್ನ ಕಲೆಸುತ್ತಲೇ ಇದ್ದ. ಯಜಮಾನಿ ಅವನಿಗೆ ಹೇಳಿದಳು: "ನಾಳೆ ಇವಳನ್ನ ತವರಿಗೆ ಬಿಟ್ಟು ಬಾ. ಕರೆಯೋವಾಗ ಕರೆಯೋಣ."

ಕರೆಯುವುದಿಲ್ಲ ಎಂಬುದು ಆ ದನಿಯಲ್ಲೇ ಇತ್ತು. ಡಾಕ್ಟ್ರಮ್ಮ ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದಳು. ಈ ಮನೆ ಹೋದರೆ ಇಳಿಯಲು ಬೇರೆ ಮನೆಯಿಲ್ಲ, ಓದೂ ಅಲ್ಲಿಗೇ ಮುಗಿಯಿತು. ಬಾಯಿ ಮುಚ್ಚಿಕೊಂಡಿದ್ದರೆ ಪಕ್ಕದಲ್ಲಿ ಕೂತವಳ ಬಾಳು ಮುಗಿಯಿತು.

"ಅಮ್ಮಾ, ಅದು ನನ್ನ ಶೂ. ತಾತನ ಗೂಡಲ್ಲಿ ನಾನೇ ಇಟ್ಟಿದ್ದೆ. ಒದ್ದೆಯಾಗಿತ್ತು... ನಿದ್ದೆ ಬಂದ್ಬಿಡ್ತು."

ಯಾರೂ ಬೆಚ್ಚಿಬೀಳಲಿಲ್ಲ. ಬಡಗಿ ನೀರು ಕುಡಿದ. ಹಿರಿಸೊಸೆ ಮಗುವಿನ ಮೂತಿ ಒರೆಸಿದಳು.

"ಗೊತ್ತು ಕಣಮ್ಮ" ಎಂದಳು ಯಜಮಾನಿ. "ನೀನು ಎತ್ಕೊಂಡು ಹೋಗಿದ್ದನ್ನ ನಾನೂ ನೋಡ್ದೆ, ದೊಡ್ಡೋನೂ ನೋಡ್ದ."

"ಮತ್ತೆ ಇವಳನ್ನ ಯಾಕೆ..."

"ನೀನು ಬೇರೆಯವರ ಮನೆ ಮಗು. ಓದು ಮುಗಿಸಿ ಹೊರಟು ಹೋಗೋಳು. ನಿನಗೆ ಏನಂತ ಬೈಯೋದು? ನಾಲ್ಕು ಜನ ಕೇಳಿದ್ರೆ ಒಂದು ಉತ್ತರ ಬೇಕಲ್ಲ. ಮನೇಲಿ ಆಗಿದ್ದನ್ನ ಮನೆಯವರೇ ಹೊರಬೇಕು."

"ಬೈಯಿರಿ ಅಮ್ಮಾ ನನ್ನ. ಎರಡೇಟು ಹಾಕಿ, ಆಚೆಗೆ ತಳ್ಳಿ."

"ಅಳಬೇಡ. ಊಟ ಮಾಡು, ಆರಿಹೋಗುತ್ತೆ" ಎನ್ನುತ್ತಾ ಯಜಮಾನಿ ಅವಳ ತಟ್ಟೆಗೇ ಮೊದಲು ಇನ್ನಷ್ಟು ಬಡಿಸಿದಳು.

ಮರುದಿನ ಕಿರಿಸೊಸೆ ಬಟ್ಟೆ ತುಂಬುತ್ತಿದ್ದ ಕೋಣೆಯ ಬಾಗಿಲಲ್ಲಿ ಡಾಕ್ಟ್ರಮ್ಮ ನಿಂತಳು.

"ನೀವು ಹೇಳ್ಬಾರ್ದಿತ್ತು ಅಕ್ಕ" ಎಂದಳು ಕಿರಿಸೊಸೆ, ಸೀರೆ ಮಡಚುತ್ತಲೇ. "ನಿನ್ನೆವರೆಗೂ ನನ್ನ ಕಣ್ಣೇ ಮೋಸ ಮಾಡ್ತು ಅಂದ್ಕೊಂಡಿದ್ದೆ. ತಪ್ಪು ನಂದೇ ಅಂದ್ಕೊಂಡಿದ್ರೆ ಹೇಗೋ ಕಾಲ ಹಾಕ್ಬಹುದಿತ್ತು. ಗೊತ್ತಿದ್ದೂ ಕಳಿಸ್ತಿದ್ದಾರೆ ಅಂತ ಈಗ ತಿಳೀತಲ್ಲ, ಇದನ್ನ ಹೊತ್ಕೊಂಡು ನಾನು ಎಲ್ಲಿಗೆ ಹೋಗ್ಲಿ?"

ಅವಳ ಗಂಡ ಪೆಟ್ಟಿಗೆ ಎತ್ತಿಕೊಂಡ. ಕಳಿಸಿಕೊಡಲು ಯಾರೂ ಬಾಗಿಲ ತನಕ ಬರಲಿಲ್ಲ. ಯಜಮಾನಿ ಅಡುಗೆಮನೆಯಿಂದ ಹೊರಬಂದಳು. ಕೈಯಲ್ಲಿ ಒಂದು ಲೋಟ ಬಿಸಿ ಹಾಲಿತ್ತು.

"ಪರೀಕ್ಷೆ ಹತ್ರ ಬಂತು. ಕುಡಿದು ಓದ್ಕೋ ಹೋಗು" ಎಂದು ಡಾಕ್ಟ್ರಮ್ಮನ ಕೈಗಿಟ್ಟಳು.

ಅವಳು ಕುಡಿದಳು.