ಐವತ್ತೆಂಟು ಗಂಟೆ ಆಡಿದವರು

ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದೇನೆ ಎಂದು ಎರಡು ತಿಂಗಳಿಂದ ಮನೆಯಲ್ಲಿ ಸುಳ್ಳು ಹೇಳುತ್ತಿದ್ದೆ. ಅದನ್ನು ಡೈರಿಯಲ್ಲಿ ಬರೆದುಕೊಳ್ಳುವುದಕ್ಕೂ ಅಳುಕು. ಹಗಲು ಅಣ್ಣ ಕೆಲಸಕ್ಕೆ ಹೋದ ಮೇಲೆ ಬಾಗಿಲು ಮುಂದೆ ಮಾಡಿಕೊಂಡು, ಗೈಡನ್ನು ತೊಡೆಯ ಮೇಲಿಟ್ಟುಕೊಂಡು, ಅವನ ಕಂಪ್ಯೂಟರಿನಲ್ಲಿ ಆಟ ಆಡುತ್ತಿದ್ದೆ. ಒಟ್ಟು ಐವತ್ತೆಂಟು ಗಂಟೆ.

ಆಟದಲ್ಲಿ ಇರಾ ಎಂಬ ದೋಣಿ ನಡೆಸುವ ಹುಡುಗಿ. ಅರಮನೆಗೆ ಬಾ ಎಂದು ರಾಜ ಏಳು ಸಲ ಹೇಳಿಕಳಿಸುತ್ತಾನೆ. ಹೋಗುವುದು ಬಿಡುವುದು ಆಡುವವರ ಇಷ್ಟ. 'ನಿಮ್ಮ ಆಯ್ಕೆ, ನಿಮ್ಮದೇ ಕೊನೆ' ಎಂದು ಜಾಹೀರಾತಿನಲ್ಲೇ ಇತ್ತು. ನಾನು ಏಳು ಸಲವೂ ಒಲ್ಲೆ ಎಂದೆ. ಆಟದ ಹೊರಗೆ ಯಾರಿಗೂ ಒಂದು ಸಲವೂ ಹಾಗೆ ಅಂದವಳಲ್ಲ. ರಾಜನ ಕಡೆಯವರು ದೋಣಿ ಸುಟ್ಟರು, ಹೊಸದು ಕಟ್ಟಿದೆ. ಕೊನೆಗೆ ಏನಾಯಿತು? ಪರದೆ ಕಪ್ಪಾಗಿ, ಮತ್ತೆ ಬೆಳಕಾದಾಗ ಇರಾ ರೇಷ್ಮೆ ಉಟ್ಟು ರಾಜನ ಪಕ್ಕ ನಗುತ್ತ ಕೂತಿದ್ದಳು! ಒಪ್ಪಿದವರಿಗೂ ಅದೇ ಕೊನೆಯಂತೆ. ಹಾಗಾದರೆ ನನ್ನನ್ನು ಏಳು ಸಲ ಕೇಳಿದ್ದಾದರೂ ಏಕೆ? ಮೈಯೆಲ್ಲ ಉರಿಯಿತು.

ಆ ಭಾನುವಾರ ಉಲ್ಲಾಸಣ್ಣ ಗೆಳೆಯ ನವೀನನನ್ನು ಕರೆತಂದ. ಅಣ್ಣ ಶಿರಸಿಯ ಅಡಿಕೆ ವ್ಯಾಪಾರಿಯೊಬ್ಬರ ಬಳಿ ಕೆಲಸಕ್ಕಿದ್ದಾನೆ. ಆ ಆಟ ಕೊಂಡವನು ಅವನೇ, ಆಡಿದ್ದು ಮಾತ್ರ ಒಂದು ಗಂಟೆ. ಕೊನೆಯನ್ನು ಯಾರದೋ ವಿಡಿಯೋದಲ್ಲಿ ನೋಡಿ, ಸಿಟ್ಟಾಗಿ, ಹಣ ವಾಪಸ್ ಕೇಳಿದ್ದ. ಕಂಪನಿಯ ಉತ್ತರ ಬಂದಿತ್ತು: ಎರಡು ಗಂಟೆ ಮೀರಿ ಆಡಿದವರಿಗೆ ಹಣ ವಾಪಸಿಲ್ಲ, ನೀವು ಐವತ್ತೊಂಬತ್ತು ಗಂಟೆ ಆಡಿದ್ದೀರಿ.

"ಐವತ್ತೊಂಬತ್ತು! ಎಂಥಾ ಸುಳ್ಳ್ರು ನೋಡಾ," ಅಣ್ಣ ಕೂಗಾಡಿದ. "ಅಡಿಕೆ ಯಾರ್ಡಲ್ಲಿ ನಾವು ರಾಶಿ ಬುಡಕ್ಕೆ ಕೈ ಹಾಕಿ ನೋಡ್ತೇವೆ. ಮೇಲೆ ಚಲೋದು, ಬುಡದಲ್ಲಿ ಕೊಳೆ ಅಡಿಕೆ ಬಂತು ಅಂದ್ರೆ ವ್ಯಾಪಾರ ಮುರೀತು. ಇವ್ರಿಗೆಂತ ಬೇರೆ ಕಾನೂನು?"

"ಬುಡ ಮುಟ್ಟೂಕೆ ಎರಡೇ ಗಂಟೆ ಕೊಟ್ಟಿದಾರಲ್ಲ ಮಾರಾಯ," ನವೀನ ನಕ್ಕ. "ನಿನ್ನ ಕೈ ಗಿಡ್ಡ ಆಯ್ತು."

ಅಣ್ಣ ನನ್ನ ಕಡೆ ತಿರುಗಿದ. "ಭೂಮಿ, ನಿನ್ನ ಇಂಗ್ಲಿಷ್ ಚಲೋ ಇದೆ, ಕಂಪನಿಗೆ ನೀನೇ ಬರಿ. ಯಾರೋ ನನ್ನ ಪಾಸ್‌ವರ್ಡ್ ಕದ್ದು ಆಡಿದಾರೆ, ಅಂತ. ನವೀನ ಸಾಕ್ಷಿ."

"ಸಾಕ್ಷಿಗೆ ಬಂದವ್ನಿಗೆ ಚಾ ಆದ್ರೂ ಇದ್ಯನಾ?"

"ಭೂಮಿಗೆ ಓದೂದು ರಾಶಿ ಇದೆ, ಸುಮ್ನೆ ಕಾಡ್ಬೇಡಿ," ಒಳಗಿಂದ ಅಮ್ಮ ಗದರಿದಳು.

ಎರಡು ಸಾಲು ಬರೆದೆ. 'ಕದ್ದು' ಎಂಬಲ್ಲಿ ಬೆರಳು ನಿಂತಿತು. ಎರಡು ಗಂಟೆಯಲ್ಲಿ ಇರಾಳ ಕೈಗೆ ಹುಟ್ಟೇ ಬಂದಿರುವುದಿಲ್ಲ. ಕೊನೆ ಕೆಟ್ಟದ್ದು ಎಂದು ತಿಳಿಯಬೇಕಾದರೆ ಕೊನೆಯವರೆಗೆ ಆಡಬೇಕು; ಆಡಿದರೆ ಕೇಳುವ ಹಕ್ಕೇ ಇಲ್ಲ. ಇದು ಯಾವ ಸೀಮೆಯ ನ್ಯಾಯ? ಹೋಗಲಿ, ಕಂಪನಿ ದೂರದ್ದು. ಈ ಪತ್ರ? ಇದರಲ್ಲಿ ಒಂದೇ ಗಂಟೆ ಆಡಿದ ಅಣ್ಣ ಮೋಸ ಹೋದವನು. ಮೋಸ ಹೋದ ನಾನು ಕಳ್ಳಿ. ಅದನ್ನು ನನ್ನ ಕೈಯಲ್ಲೇ, ನನ್ನ ಇಂಗ್ಲಿಷಿನಲ್ಲೇ ಬರೆಸುತ್ತಿದ್ದಾರೆ.

"ಎಂತಾ ಆಯ್ತೇ? ಮುಗಿಸು," ಅಣ್ಣ ಅವಸರ ಮಾಡಿದ.

ಅಮ್ಮ ಚಹಾ ತಂದು ಬಾಗಿಲಲ್ಲಿ ನಿಂತಿದ್ದಳು. ನಾನು ಹೇಳುವುದು ಅವಳಿಗೂ ಕೇಳಿಸುತ್ತದೆ ಎಂದು ಗೊತ್ತಿತ್ತು. ಬರೆದದ್ದನ್ನೆಲ್ಲ ಅಳಿಸಿದೆ.

"ಯಾರೂ ಕದ್ದಿಲ್ಲ ಅಣ್ಣಾ. ಆಡಿದ್ದು ನಾನು. ಕೊನೇವರೆಗೂ ಆಡಿದೆ. ಅದಕ್ಕೇ ದುಡ್ಡು ವಾಪಸ್ ಕೇಳ್ಬೇಕು."